ಸೋಮವಾರದ ಸೊನ್ನೆ

"ಎತ್ತಿನ ಗಾಡಿ: ಸೊನ್ನೆ."

ಈ ಮೂರು ಪದ ಓದಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಂದ ಸಮಯವನ್ನೂ ಹೇಳಬಲ್ಲೆ. ಗುರುವಾರ ಸಂಜೆ 5.40. ಡೈರಿಯಲ್ಲಿದೆ.

ಈ ಅಂಕಣ ಓದುವವರಿಗೆ ನನ್ನ ಡೈರಿ ಹೊಸದಲ್ಲ. ಬಸ್ಸು ಎಷ್ಟು ನಿಮಿಷ ತಡ, ಕರೆಂಟು ಎಷ್ಟು ಸಲ ಹೋಯಿತು, ಅಮ್ಮ ದಿನಕ್ಕೆ ಎಷ್ಟು ಸಲ "ಮೊಬೈಲ್ ಕೆಳಗಿಡು" ಅಂದಳು, ಎಲ್ಲಕ್ಕೂ ಗೀಟು ಹಾಕುವವಳು ನಾನು. ನಾಲ್ಕು ಉದ್ದ ಗೀಟು, ಐದನೆಯದು ಅಡ್ಡ. (ಅಮ್ಮನ ದಾಖಲೆ ಒಂದು ಭಾನುವಾರದ್ದು. ಹದಿನಾಲ್ಕು.)

ವಿಷಯಕ್ಕೆ ಬರುತ್ತೇನೆ. ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಡೆ ಹೊರಟರೆ, ಊರು ದಾಟಿದ ಕೂಡಲೇ ಎಡಕ್ಕೆ ಒಂದು ದೊಡ್ಡ ಖಾಲಿ ಜಾಗ. ಅಲ್ಲಿ ಹೊಸ ಬಡಾವಣೆ ಬರುತ್ತಿದೆ. ಮುನ್ನೂರು ಚಿಲ್ಲರೆ ಸೈಟು, ಒಂದು ಪಾರ್ಕು, ಒಂದು ಕಲ್ಯಾಣ ಮಂಟಪ. ಅಷ್ಟು ಮನೆ ಎದ್ದರೆ ಎಷ್ಟು ಬೈಕು, ಎಷ್ಟು ಕಾರು ರಸ್ತೆಗಿಳಿಯುತ್ತವೆ? ಮಂಟಪದಲ್ಲಿ ಮದುವೆ ಇದ್ದ ದಿನ ಏನು ಗತಿ? ಈಗಿನ ರಸ್ತೆ ಅದನ್ನೆಲ್ಲ ತಡೆದೀತೇ? ಇದನ್ನು ಮನೆ ಕಟ್ಟುವ ಮೊದಲೇ ಲೆಕ್ಕ ಹಾಕಿ ಒಂದು ವರದಿ ಕೊಡಬೇಕು. ಬಡಾವಣೆಯವರು ಹೊರಗಿನ ಯಾವುದೋ ಕಂಪನಿಯಿಂದ ಆ ವರದಿ ಮಾಡಿಸಿದ್ದರು. ಆಕ್ಷೇಪಣೆ ಇದ್ದವರು ಹೇಳಬಹುದು ಅಂತ ಅದರ ಒಂದು ಪ್ರತಿಯನ್ನು ಊರಲ್ಲಿ ನೋಡಲು ಇಟ್ಟಿದ್ದರು.

ಇಂಥದ್ದನ್ನು ಯಾರು ಓದುತ್ತಾರೆ? ನಾನು ಓದುತ್ತೇನೆ. ಟೇಬಲ್ ಇದ್ದರೆ ಸಾಕು, ಕಥೆ ಪುಸ್ತಕದಂತೆ ಓದುತ್ತೇನೆ.

ನಿಜ ಹೇಳಬೇಕೆಂದರೆ ವರದಿ ಚೆನ್ನಾಗಿತ್ತು. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಹದಿನೈದು ನಿಮಿಷಕ್ಕೊಂದು ಸಾಲು. ಲಾರಿ, ಬಸ್ಸು, ಟೆಂಪೊ, ಆಟೊ, ಕಾರು, ಬೈಕು, ಸೈಕಲ್ಲು, ಪ್ರತಿಯೊಂದಕ್ಕೂ ಒಂದು ಕಾಲಂ. ಯಾರೋ ನನ್ನ ಜಾತಿಯವರೇ ಕೂತು ಎಣಿಸಿದ್ದಾರೆ ಅಂತ ಖುಷಿಯಾಗಿ ಓದುತ್ತಿದ್ದೆ. (ಜಾತಿ ಅಂದರೆ ಗೀಟು ಹಾಕುವವರ ಜಾತಿ.) ಕೊನೆಯ ಕಾಲಂ ಬಂತು. ಎತ್ತಿನ ಗಾಡಿ. ಮೇಲಿಂದ ಕೆಳಗಿನ ತನಕ ಸೊನ್ನೆ, ಸೊನ್ನೆ, ಸೊನ್ನೆ.

ಸೊನ್ನೆಯೇ? ಶಿವಮಲ್ಲಪ್ಪನವರ ಗಾಡಿ ಎಲ್ಲಿ ಹೋಯಿತು?

ಶಿವಮಲ್ಲಪ್ಪ ನಮ್ಮ ಬೀದಿಯ ಹಿಂದಿನ ಕೇರಿಯವರು. ಅರವತ್ತು ದಾಟಿದ ಮನುಷ್ಯ. ಅವರ ಮನೆ ರಸ್ತೆಯ ಈಚೆ, ಹೊಲ ಆಚೆ. ಸಣ್ಣ ಈರುಳ್ಳಿ, ಒಂದಿಷ್ಟು ಚೆಂಡು ಹೂ. ಬೆಳಗ್ಗೆ ಏಳರ ಹೊತ್ತಿಗೆ ಗೊಬ್ಬರ ಹೇರಿಕೊಂಡು ನಾನು ಬಸ್ಸಿಗೆ ಕಾಯುವ ಸ್ಟಾಪಿನ ಪಕ್ಕದಲ್ಲೇ ಗಾಡಿ ದಾಟಿಸುತ್ತಾರೆ. ಸಂಜೆ ಮೇವು ಹೇರಿಕೊಂಡು ವಾಪಸ್ಸು. ಅವರ ಹಿಂದೆ ಅದೇ ಕೇರಿಯ ಇನ್ನೂ ಮೂರು ಗಾಡಿ. ನಾನು ಚಾಮರಾಜನಗರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವುದು. 7.20ರ ಬಸ್ಸು. ಶಿವಮಲ್ಲಪ್ಪನವರ ಗಾಡಿಯೇ ನನ್ನ ಗಡಿಯಾರ. ಡೈರಿಯಲ್ಲಿ ಅದಕ್ಕೊಂದು ಸಾಲೇ ಇದೆ: "ಶಿ. ಗಾಡಿ."

ಈ ಸೊನ್ನೆ ಬರೀ ಕಾಗದದ ಸೊನ್ನೆಯಾಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ವರದಿಯ ಕೊನೆಗೊಂದು ನಕ್ಷೆ ಇತ್ತು. ಬಡಾವಣೆಯ ಗೇಟಿನಿಂದ ವಾಹನಗಳು ಅಡ್ಡಾದಿಡ್ಡಿ ನುಗ್ಗದ ಹಾಗೆ ರಸ್ತೆಯ ನಡುವೆ ಉದ್ದಕ್ಕೆ ಡಿವೈಡರ್. ಗಾಡಿ ಜಾಡು ರಸ್ತೆಯನ್ನು ದಾಟುವ ಕಡೆಯೂ ಡಿವೈಡರ್. ಸಂದಿಯಿಲ್ಲ. ಸೊನ್ನೆ ಗಾಡಿಗೆ ಸಂದಿ ಯಾಕೆ? ದಾಟಬೇಕಾದವರು ಪೆಟ್ರೋಲ್ ಬಂಕ್ ತನಕ ಹೋಗಿ ಯೂ ಟರ್ನ್ ತೆಗೆದುಕೊಳ್ಳಬೇಕು. ಕಾರಿಗೆ ಅದು ಅರ್ಧ ನಿಮಿಷ. ತರಕಾರಿ ಲಾರಿಗಳ ನಡುವೆ, ಗೊಬ್ಬರ ತುಂಬಿದ ಗಾಡಿಗೆ, ಒಂದು ಜೋಡಿ ಎತ್ತಿಗೆ?

ಕಂಪನಿಯವರು ಬೇಕೆಂದೇ ಸುಳ್ಳು ಬರೆದಿದ್ದಾರೆ ಅಂತ ತೀರ್ಮಾನಿಸಿಬಿಟ್ಟೆ. ಆ ರಾತ್ರಿಯೇ ಆಕ್ಷೇಪಣೆ ಬರೆದೆ. "ಸುಳ್ಳು" ಎಂಬ ಪದವನ್ನು ಮೂರು ಸಲ ಬಳಸಿದೆ. ಮಾರನೆಯ ದಿನ ಊಟದ ಬಿಡುವಿನಲ್ಲಿ, ಇಂಥ ವರದಿಗಳನ್ನು ನೋಡಿ ಒಪ್ಪುವ ಚಾಮರಾಜನಗರದ ಕಚೇರಿಗೆ ಹೋದೆ.

ಅಲ್ಲಿದ್ದವರು ಲತಾ ಮೇಡಂ. ಕೊಳ್ಳೇಗಾಲದ ಕಡೆಯ ಇಂಜಿನಿಯರ್, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ನನ್ನ ಪತ್ರವನ್ನು ಪೂರ್ತಿ ಓದಿದರು. (ಪೂರ್ತಿ ಓದಿದ ಅಧಿಕಾರಿಗಳ ಪಟ್ಟಿಯೂ ನನ್ನ ಡೈರಿಯಲ್ಲಿದೆ. ಚಿಕ್ಕ ಪಟ್ಟಿ.) ಆಮೇಲೆ ಡೈರಿ ತೋರಿಸಿದೆ. ಹಾಳೆ ತಿರುವಿ ನೋಡಿದರು.

"ಚೆನ್ನಾಗಿ ಇಟ್ಟಿದೀರಿ. ಆದ್ರೆ ಇದನ್ನ ಫೈಲಿಗೆ ಹಾಕಕ್ಕಾಗಲ್ಲ."

"ಯಾಕೆ ಮೇಡಂ? ನಾನು ಕಣ್ಣಾರೆ ನೋಡಿದ್ದು."

"ಅವರೂ ಕಣ್ಣಾರೆ ನೋಡಿದ್ದು ಅಂತಾರೆ. ನಾನು ನೋಡ್ಬೇಕು. ಸೋಮವಾರ ಬರ್ತೀನಿ."

ಕಚೇರಿಯ ಒಬ್ಬ ಇಂಜಿನಿಯರ್ ಒಂದು ಪತ್ರ ನೋಡಿ ತಾನೇ ಬಂದು ರಸ್ತೆ ಬದಿ ಕೂರುತ್ತೇನೆ ಅನ್ನುವುದೆಂದರೇನು! ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಗೆದ್ದಷ್ಟೇ ಖುಷಿ.

ಸೋಮವಾರ ರಜೆ ಹಾಕಿದೆ. ಮೇಡಂ ಕಚೇರಿಯ ಜೀಪಿನಲ್ಲಿ ಆರೂವರೆಗೇ ಬಂದರು. ತಲೆಗೊಂದು ಟೋಪಿ, ಸ್ಟೀಲಿನ ನೀರಿನ ಬಾಟಲಿ, ಕೈಯಲ್ಲಿ ಒತ್ತಿದರೆ ಕಟ್ ಅಂತ ಒಂದು ಅಂಕಿ ಏರುವ ಕೌಂಟರ್. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ? ಬಡಾವಣೆಯ ಕಡೆಯಿಂದ ಒಬ್ಬ ಸೂಪರ್‌ವೈಸರ್ ಬಂದಿದ್ದರು. ಬಸ್ ಸ್ಟಾಪಿನ ಪಕ್ಕ ಟೀ ಅಂಗಡಿ ಇಟ್ಟಿರುವ ರಾಜಣ್ಣ ಎಲ್ಲರಿಗೂ ಬೆಂಚು ಒರೆಸಿಕೊಟ್ಟ.

ಏಳಾಯಿತು. ಲಾರಿ ಬಂದವು. ಕೇರಳದ ಟೆಂಪೊದವನೊಬ್ಬ ಇಳಿದು "ಒರು ಚಾಯ" ಅಂದು ಕುಡಿದು ಹೋದ. ಏಳೂಕಾಲು. ನನ್ನ ಮಾಮೂಲು ಬಸ್ಸು ನನ್ನನ್ನು ಬಿಟ್ಟು ಹೋಯಿತು. ಏಳೂವರೆ.

ಗಾಡಿ ಇಲ್ಲ. ಒಂದೂ ಇಲ್ಲ.

ಸೂಪರ್‌ವೈಸರ್ ನನ್ನನ್ನೊಮ್ಮೆ ನೋಡಿ ಟೀ ಊದಿದರು. ಆ ಊದುವಿಕೆಯಲ್ಲೇ ಎಲ್ಲ ಇತ್ತು.

ನಾನು ಕೇರಿಗೆ ಓಡಿದೆ. ಶಿವಮಲ್ಲಪ್ಪ ಮನೆಯ ಮುಂದೆ ಎತ್ತುಗಳ ಮೈ ತೊಳೆಯುತ್ತಿದ್ದರು. ಕೈಯಲ್ಲಿ ಹುಲ್ಲಿನ ಸಿಂಬೆ, ಪಕ್ಕದಲ್ಲಿ ಬಕೀಟು. ಯಾವ ಅವಸರವೂ ಇಲ್ಲ.

"ಗಾಡಿ ಕಟ್ಲಿಲ್ವಾ ಶಿವಮಲ್ಲಪ್ಪನೋರೆ?"

ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇವತ್ತು ಸ್ವಾಮಾರ ಅಲ್ವೇನಮ್ಮಿ?"

"ಹೌದು. ಸೋಮವಾರ ಆದ್ರೆ ಏನು?"

"ಅಯ್, ಸ್ವಾಮಾರ ಬಸಪ್ಪನ ದಿನ ಕಣಮ್ಮಿ. ನೊಗ ಹೊರ್ಸದಿಲ್ಲ. ನಮ್ಮಪ್ಪ ಕಟ್ನಿಲ್ಲ, ಅವರಪ್ಪ ಕಟ್ನಿಲ್ಲ. ಇದೇ ಊರಲ್ಲಿ ಉಟ್ಟಿ ಬೆಳ್ದು ಇಷ್ಟೂ ಗೊತ್ತಿಲ್ವಾ ನಿಂಗೆ?"

ಗೊತ್ತಿರಲಿಲ್ಲ. ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ದವರು. ನಮ್ಮ ಮನೆಯಲ್ಲಿ ಯಾವತ್ತೂ ಎತ್ತು ಇರಲಿಲ್ಲ, ಸ್ಕೂಟಿ ಇತ್ತು. ಅದಕ್ಕೆ ವಾರದ ರಜೆ ಇಲ್ಲ.

ಅಲ್ಲೇ ನಿಂತು ಡೈರಿ ತೆಗೆದೆ. "ಶಿ. ಗಾಡಿ" ಸಾಲು. ಮಂಗಳವಾರದಿಂದ ಶನಿವಾರದ ತನಕ ಗೀಟು. ಸೋಮವಾರದ ಮನೆ ಖಾಲಿ. ಅದರ ಹಿಂದಿನ ಸೋಮವಾರ ಖಾಲಿ. ಅದರ ಹಿಂದಿನದೂ ಖಾಲಿ. ಸೋಮವಾರ ನಾನು ಏಳುವುದು ತಡ, ಗಾಡಿ ಆಗಲೇ ದಾಟಿರುತ್ತದೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಇಷ್ಟು ದಿನ ನನ್ನ ಕೈಯಲ್ಲೇ ಇದ್ದ ಉತ್ತರವನ್ನು ನಾನೇ ನೋಡಿರಲಿಲ್ಲ. ಎಣಿಸುವವಳು ಖಾಲಿ ಮನೆಯನ್ನು ಎಣಿಸಲಿಲ್ಲ!

ಮೊಬೈಲಿನಲ್ಲಿದ್ದ ವರದಿಯ ಫೋಟೊ ತೆಗೆದು ಕ್ಯಾಲೆಂಡರ್ ಜೊತೆ ಹಿಡಿದು ನೋಡಿದೆ. ಕಂಪನಿಯವರು ಎಣಿಸಿದ ದಿನವೂ ಸೋಮವಾರವೇ. ಅವರು ಸುಳ್ಳು ಬರೆದಿರಲಿಲ್ಲ. ಹೊರಗಿನವರು ಪ್ರಾಮಾಣಿಕವಾಗಿ ಎಣಿಸಿ ತಪ್ಪಿದ್ದರು. ಒಳಗಿನವಳು ನಾನು ಅವರನ್ನು ಮೂರು ಸಲ ಬೈದಿದ್ದೆ.

ಈಗ ಏನು ಮಾಡುವುದು? ಶಿವಮಲ್ಲಪ್ಪನವರಿಗೆ ನಕ್ಷೆ, ಡಿವೈಡರ್, ಪೆಟ್ರೋಲ್ ಬಂಕ್ ಎಲ್ಲ ಹೇಳಿದೆ. ಕೇಳಿಸಿಕೊಂಡರು. ಎತ್ತಿನ ಕಿವಿಯ ಹಿಂದೆ ಉಜ್ಜುತ್ತಲೇ ಇದ್ದರು.

ಅಷ್ಟರಲ್ಲಿ ರಾಜಣ್ಣ ಅಂಗಡಿ ಬಿಟ್ಟು ಬಂದ. "ಲೇ ಶಿವಮಲ್ಲಪ್ಪ, ಏನ್ಲಾ ನಿಂದು? ಮೇಡಮ್ಮು ಜೀಪಲ್ಲಿ ಬಂದು ಕುಂತವ್ರೆ. ನೀನಿಲ್ಲಿ ಎತ್ಗೆ ಬ್ಯೂಟಿ ಪಾರ್ಲರ್ ಮಾಡ್ತಿದ್ದೀಯಾ? ಬಿರ್ನೆ ಕಟ್ಲಾ!"

"ಸ್ವಾಮಾರ ಕಟ್ಟದಿಲ್ಲ ಕಣ್ಲಾ."

"ಬರೀ ಗಾಡಿ ಕಟ್ಟು. ಹೇರೋದು ಬ್ಯಾಡ. ರಸ್ತೆ ದಾಟ್ಸು, ಬಂದ್ಬುಡು. ಐದು ನಿಮಿಷ."

"ಐದು ನಿಮಿಷನೂ ಸ್ವಾಮಾರನೇ."

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಸಂಕೋಚವಾಗುತ್ತದೆ. ಆದರೂ ಬರೆಯುತ್ತೇನೆ. ನಾನೂ ಅದನ್ನೇ ಕೇಳಿದೆ. ಇವತ್ತು ಸೊನ್ನೆ ಬಿದ್ದರೆ ನಿಮ್ಮ ದಾರಿ ಮುಚ್ಚಿಹೋಗುತ್ತೆ, ಒಂದೇ ಒಂದು ಸಲ, ಯಾರು ನೋಡುತ್ತಾರೆ ಅಂದೆ.

ಶಿವಮಲ್ಲಪ್ಪನವರಿಗೆ ಸಿಟ್ಟು ಬರಲಿಲ್ಲ. ನಕ್ಕರು.

"ಯಾರ್ ನೋಡ್ದೆ ಇದ್ರೂ ಎತ್ ನೋಡ್ತದಲ್ಲವ್ವ? ಇವಕ್ಕೆ ಗೊತ್ತದ ಇವತ್ತು ಸ್ವಾಮಾರ ಅಂತ. ಬೆಳಿಗ್ಗೆ ಗೊಂತಲ್ಲಿ ಏಳದೇ ಇಲ್ಲ ನೋಡು, ಮೆಲುಕಾಕ್ಕಂಡು ಬಿದ್ದಿರ್ತವ. ಆರು ದಿನ ಗೇದಾವ. ಏಳ್ನೇ ದಿನ ನೊಗ ತಂದ್ರೆ ನನ್ ಮೊಕ ಎಂಗ್ ನೋಡವು?"

ಬರೀ ದೇವರ ಹೆಸರಷ್ಟೇ ಹೇಳಿದ್ದರೆ ವಾದ ಮಾಡಬಹುದಿತ್ತು. ಎತ್ತಿಗೆ ಕೊಟ್ಟ ಮಾತಿನ ಬಗ್ಗೆ ಯಾರು ವಾದ ಮಾಡುತ್ತಾರೆ?

ಬಕೀಟು ಕೆಳಗಿಟ್ಟು, ಹೆಗಲ ಮೇಲೆ ಟವಲು ಹಾಕಿಕೊಂಡು, "ನಡಿ, ನಾನೇ ಬತ್ತೀನಿ" ಅಂದರು. ಬರಿಗಾಲಲ್ಲೇ ರಸ್ತೆಗೆ ಬಂದರು. ಮೇಡಂ ಎದುರು ನಿಂತು ಕೈ ಮುಗಿದರು.

"ಗಾಡಿ ನಂದೇ ಕಣವ್ವ. ಇವತ್ತು ಬರದಿಲ್ಲ. ಸೊನ್ನೆ ಅಂತ್ಲೇ ಬರ್ಕಳಿ."

ರಾಜಣ್ಣ ತಲೆ ಚಚ್ಚಿಕೊಂಡ. "ಉಪಕಾರ ಮಾಡಕ್ ಬಂದೋರ್ಗೆ ಸೊನ್ನೆ ಬರ್ಕಳಿ ಅಂತಾನಲ್ಲ ಈ ಪುಣ್ಯಾತ್ಮ!"

"ಇಲ್ದೇ ಇರದ್ನ ಅದ ಅಂತ ಯಾಕ್ಲಾ ಬರುಸ್ಬೇಕು? ಇವತ್ತು ಸೊನ್ನೆನೇ. ನಾಳೀಕೆ ಬಂದ್ರೆ ಅದ."

ಸೂಪರ್‌ವೈಸರ್ ಎದ್ದು ನಿಂತರು. "ಮೇಡಂ, ಅವರೇ ಒಪ್ಕೊಂಡ್ರಲ್ಲ. ಸೈನ್ ಮಾಡಿದ್ರೆ ಹೊರಡೋಣ."

ಲತಾ ಮೇಡಂ ಸೈನ್ ಮಾಡಿದರು. ನನ್ನ ಕಣ್ಣೆದುರೇ, ಎತ್ತಿನ ಗಾಡಿಯ ಕಾಲಂನಲ್ಲಿ ಸೊನ್ನೆ ಬರೆದು, ಕೆಳಗೆ ರುಜು ಹಾಕಿದರು. ನಾನು ಡೈರಿ ಮುಚ್ಚಿದೆ. ಶಿವಮಲ್ಲಪ್ಪ ಮಾತ್ರ ಅಲುಗಲಿಲ್ಲ.

ಆಮೇಲೆ ಮೇಡಂ ಹಾಳೆ ತಿರುವಿದರು. ಹೊಸ ಹಾಳೆಯ ಮೇಲ್ಗಡೆ "ಮಂಗಳವಾರ" ಅಂತ ಬರೆದರು. ತಲೆ ಎತ್ತದೆ ಕೇಳಿದರು:

"ನಾಳೆ ಎಷ್ಟೊತ್ತಿಗೆ ಕಟ್ತೀರಿ?"

"ಆರೂವರೆಗೆ ಕಟ್ಟದು. ಏಳ್ಕೆ ದಾಟ್ತೀನಿ."

"ಸರಿ. ಬರ್ತೀನಿ."

ನಾಳೆ ಬರುತ್ತೇನೆ ಅಂದವರು ಬರುತ್ತಾರೆಯೇ? ನನ್ನ ಡೈರಿಯ ಅನುಭವ ಬೇರೆ. (ಪ್ಲಂಬರ್ ಸಾಲು ನೋಡಿದರೆ ನೀವೂ ಒಪ್ಪುತ್ತೀರಿ.) ರಾತ್ರಿ ಅಮ್ಮನ ಹತ್ತಿರವೂ ಅದನ್ನೇ ಗೊಣಗಿದೆ.

ಮಂಗಳವಾರ. ನನಗೆ ಇನ್ನೊಂದು ರಜೆ. 6.35. ಚಾಮರಾಜನಗರದ ಕಡೆಯಿಂದ ಬಂದ ಮೊದಲ ಬಸ್ಸಿನಿಂದ ಟೋಪಿ ಹಾಕಿಕೊಂಡ ಒಬ್ಬರು ಇಳಿದರು. ಜೀಪು ಬೇರೆ ಕಡೆ ಹೋಗಿತ್ತಂತೆ. ಬಸ್ಸು ಇದೆಯಲ್ಲ ಅಂದರು, ಅಷ್ಟೇ.

ಏಳಕ್ಕೆ ಎರಡು ನಿಮಿಷ ಇರುವಾಗ ಗೆಜ್ಜೆ ಸದ್ದು ಕೇಳಿತು. ಎತ್ತುಗಳ ತೊಳೆದ ಮೈ ಇನ್ನೂ ಹೊಳೆಯುತ್ತಿತ್ತು. ಶಿವಮಲ್ಲಪ್ಪನವರ ಹಿಂದೆ ಇನ್ನೂ ಮೂರು ಗಾಡಿ. ಕಟ್, ಕಟ್, ಕಟ್, ಕಟ್. ಅಷ್ಟು ಇಂಪಾದ ಸದ್ದನ್ನು ನಾನು ಇತ್ತೀಚೆಗೆ ಕೇಳಿಲ್ಲ.

ನಾಲ್ಕು ಅಂತ ಬರೆದುಕೊಂಡು ಹೋಗಬಹುದಿತ್ತು. ಮೇಡಂ ಹೋಗಲಿಲ್ಲ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ, ಒಂದು ಕಾರು ಈ ಬದಿಯಿಂದ ಆ ಬದಿಗೆ ದಾಟಲು ಎಷ್ಟು ಹೊತ್ತು ಅಂತ ನೋಡಿದರು. ನಾಲ್ಕು ಸೆಕೆಂಡು. ಸಂಜೆ ಮೇವಿನ ಗಾಡಿ ವಾಪಸ್ಸು ಬರುವಾಗ ಅದಕ್ಕೆಷ್ಟು ಅಂತ ನೋಡಿದರು. ಇಪ್ಪತ್ತೆರಡು ಸೆಕೆಂಡು. ಎತ್ತಿನ ಮೂಗಿನಿಂದ ಗಾಡಿಯ ಹಿಂಬದಿಯ ತನಕ ಟೇಪು ಹಿಡಿದು ಅಳೆದರು. ಟೇಪಿನ ಇನ್ನೊಂದು ತುದಿ ಹಿಡಿದಿದ್ದು ನಾನು. ಎತ್ತು ನನ್ನ ದುಪಟ್ಟಾವನ್ನು ಮೂಸಿ ನೋಡಿತು.

"ಯಾಕ್ ಮೇಡಂ ಉದ್ದ?" ಅಂತ ಕೇಳಿದೆ.

"ಅರ್ಧ ರಸ್ತೆ ದಾಟಿ ಡಿವೈಡರ್ ಸಂದಿಯಲ್ಲಿ ನಿಂತಾಗ, ಗಾಡಿ ಹಿಂಬದಿ ಲಾರಿಗೆ ಸಿಗಬಾರದಲ್ಲ? ಕಾರಿಗೆ ಬಿಡೋ ಸಂದಿ ಇವರಿಗೆ ಸಾಲಲ್ಲ."

ಇದು ನನಗೆ ಹೊಳೆದಿರಲಿಲ್ಲ. ನಾನು ಗೀಟು ಹಾಕಿದ್ದೆ. ಗಾಡಿ ದಾಟುವಾಗ ಶಿವಮಲ್ಲಪ್ಪ ಪ್ರತಿದಿನ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದದ್ದು ಯಾಕೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಇನ್ನೊಂದು ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಆ ಸಂಜೆ ಗಾಡಿ ದಾಟುವಾಗ ಮೈಸೂರಿನ ಕಡೆಯ ಒಂದು ಲಾರಿ ಹಾರ್ನ್ ಒತ್ತುತ್ತ ಬಂತು. ಓಡಿಹೋಗಿ ಎರಡೂ ಕೈ ಚಾಚಿ ಅದನ್ನು ನಿಲ್ಲಿಸಿದ್ದು ಯಾರು? ಬಡಾವಣೆಯ ಸೂಪರ್‌ವೈಸರ್. ನಾವೆಲ್ಲ ನೋಡಿದ್ದಕ್ಕೆ ಅವರಿಗೇ ನಾಚಿಕೆಯಾಯಿತು. "ಎತ್ತು ಹೆದರ್ಕೊಳ್ಳುತ್ತೆ ಅಂತ" ಅಂದರು. ರಾಜಣ್ಣ ಅವರಿಗೆ ಸ್ಪೆಷಲ್ ಟೀ ಹಾಕಿದ.

ನಾನೂ ನನ್ನ ಕೆಲಸ ಮುಗಿಸಿದೆ. ಹಳೆಯ ಆಕ್ಷೇಪಣೆ ವಾಪಸ್ಸು ಪಡೆದು ಹೊಸದು ಬರೆದೆ. "ಸುಳ್ಳು" ಎಂಬ ಪದ: ಸೊನ್ನೆ. "ತಪ್ಪು ದಿನ" ಎಂಬುದು: ಒಂದು. ಕಂಪನಿಯವರಿಗೆ ಒಂದು ಸಾಲಿನ ಕ್ಷಮೆ.

ಕಳೆದ ವಾರ ತಿದ್ದಿದ ನಕ್ಷೆಯನ್ನು ಊರಲ್ಲಿ ಅಂಟಿಸಿದ್ದಾರೆ. ಬಡಾವಣೆ ಬರುತ್ತದೆ. ಬರಲಿ, ಜನಕ್ಕೆ ಮನೆ ಬೇಡವೇ? ಕಲ್ಯಾಣ ಮಂಟಪದ ಗೇಟು ಹಿಂಬದಿಯ ರಸ್ತೆಗೆ ತಿರುಗಿದೆ. ಡಿವೈಡರ್ ಇದೆ. ಆದರೆ ಬಸ್ ಸ್ಟಾಪಿನ ಪಕ್ಕ ಅದು ಕತ್ತರಿಸಿಕೊಂಡು, ಒಂದು ಗಾಡಿ ಎತ್ತಿನ ಸಮೇತ ಆರಾಮಾಗಿ ನಿಲ್ಲುವಷ್ಟು ಅಗಲ ಬಿಟ್ಟಿದೆ. ಅದರ ಅಡ್ಡಕ್ಕೆ ಸಣ್ಣ ಚುಕ್ಕಿ ಗೆರೆ. ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ "ಗಾಡಿ ದಾರಿ."

ಶಿವಮಲ್ಲಪ್ಪನವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು.

"ನಾನೆಲ್ಲಿವ್ನಿ ಇದ್ರಲ್ಲಿ?"

ಚುಕ್ಕಿ ಗೆರೆಯ ಮೇಲೆ ಬೆರಳಿಟ್ಟೆ.

"ಇಷ್ಟೇನಾ?"

"ಅಷ್ಟೇ."

"ಸಾಕು ಬುಡಮ್ಮಿ. ಮಿಕ್ಕಿದ್ದು ಎತ್ಗೆ ಗೊತ್ತದ."

ಆ ನಕ್ಷೆಯ ಜೊತೆ ಹೊಸ ಎಣಿಕೆಯ ಹಾಳೆಗಳೂ ಇದ್ದವು. ತಿರುವಿ ನೋಡಿದೆ. ಮಂಗಳವಾರದ ಹಾಳೆಯಲ್ಲಿ ಎತ್ತಿನ ಗಾಡಿ ಎಂಟು, ಬೆಳಗ್ಗೆ ನಾಲ್ಕು, ಸಂಜೆ ನಾಲ್ಕು. ಅದರ ಹಿಂದೆ ಸೋಮವಾರದ ಹಾಳೆಯೂ ಇತ್ತು. ಮೇಡಂ ಅದನ್ನು ಕಿತ್ತು ಹಾಕಿರಲಿಲ್ಲ. ಸೊನ್ನೆ ಹಾಗೇ ಇತ್ತು. ಪಕ್ಕದಲ್ಲಿ ಅವರದೇ ಕೈಬರಹದ ಒಂದು ಸಾಲು: "ಈ ದಿನ ಎತ್ತುಗಳಿಗೆ ರಜೆ. ಇನ್ನೊಂದು ದಿನ ಎಣಿಸಿದ ಮೇಲೆಯೇ ವರದಿ ಒಪ್ಪುವುದು."

ನಾನು ಮನೆಗೆ ಬಂದು ಡೈರಿ ತೆಗೆದೆ. "ಶಿ. ಗಾಡಿ" ಸಾಲಿನಲ್ಲಿ ಖಾಲಿ ಬಿದ್ದಿದ್ದ ಸೋಮವಾರದ ಮನೆಗಳಲ್ಲೆಲ್ಲ ದುಂಡಗೆ ಒಂದೊಂದು ಸೊನ್ನೆ ತುಂಬಿದೆ.

ಅಂದ ಹಾಗೆ, ನಿಮ್ಮೂರಿನ ರಸ್ತೆಯನ್ನು ಎಣಿಸಲು ಬಂದವರು ವಾರದ ಯಾವ ದಿನ ಬಂದಿದ್ದರು, ಕೇಳಿದ್ದೀರಾ?